ಆರು ವಿಶ್ವವಿದ್ಯಾಲಯಗಳು ಎರಡಾದ ಕಥೆ

'ನಾರ್ಮಲ್ ಸ್ಕೂಲು' ಎಂಬ ಹೆಸರು ಮೈಸೂರು, ಧಾರವಾಡ ಸೀಮೆಗಳ ಹಿರಿಯರಿಗೆ ಅಪರಿಚಿತವೇನಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನು ಸಿದ್ಧಗೊಳಿಸುವ ಶಾಲೆಗೆ ನಮ್ಮಲ್ಲಿಯೂ ಒಂದು ಕಾಲಕ್ಕೆ ಅದೇ ಹೆಸರಿತ್ತು. ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮಲ್ಲಿಗೆ ಬಂದ ಈ ಮಾತಿನಲ್ಲಿ 'ನಾರ್ಮಲ್' ಎಂದರೆ ಸಾಧಾರಣ ಎಂದರ್ಥವಲ್ಲ. ಮಾದರಿ, ಮೇಲ್ಪಂಕ್ತಿ ಎಂದು ಅರ್ಥ. ಹೇಗೆ ಕಲಿಸಬೇಕು ಎಂಬುದಕ್ಕೆ ಮೇಲ್ಪಂಕ್ತಿಯಾಗಬೇಕಾದ ಶಾಲೆ ಅದು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಇಂಥ ಶಾಲೆಗಳು ಹುಟ್ಟಿ, ಕಾಲೇಜುಗಳಾಗಿ, ವಿಶ್ವವಿದ್ಯಾಲಯಗಳಾಗಿ ಬೆಳೆದು, ಕೊನೆಗೆ 2022ರಲ್ಲಿ ಅವುಗಳಲ್ಲಿ ಆರು ಒಂದರೊಳಗೊಂದು ಕೂಡಿ ಎರಡಾದ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ದೂರದ ದೇಶದ ಕಥೆಯಾದರೂ ವಿದ್ಯೆ ಮತ್ತು ಹಣ ಇವೆರಡರ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೊಂದು ಉದಾಹರಣೆ ಸುಲಭವಾಗಿ ದೊರೆಯದು.

ಪೆನ್ಸಿಲ್ವೇನಿಯದಲ್ಲಿ ಎಲ್ಲ ಮಕ್ಕಳಿಗೂ ಉಚಿತ ಶಾಲೆ ಬೇಕೆಂಬ ಶಾಸನವಾದದ್ದು 1834ರಲ್ಲಿ. ಮರುವರ್ಷವೇ ಅದನ್ನು ರದ್ದುಗೊಳಿಸುವ ಪ್ರಯತ್ನ ನಡೆಯಿತು. ಊರವರ ಮಕ್ಕಳ ಓದಿಗೆ ತಾವೇಕೆ ತೆರಿಗೆ ತೆರಬೇಕು ಎಂಬುದು ವಿರೋಧಿಗಳ ವಾದ. ಆಗ ಶಾಸನಸಭೆಯಲ್ಲಿ ಥ್ಯಾಡಿಯಸ್ ಸ್ಟೀವನ್ಸ್ ಎಂಬ ವಕೀಲರು ಮಾಡಿದ ಭಾಷಣ ಆ ಕಾನೂನನ್ನು ಉಳಿಸಿತೆಂದು ಅಲ್ಲಿನ ಚರಿತ್ರಕಾರರು ಬರೆಯುತ್ತಾರೆ. ಶಾಲೆಗಳೇನೋ ಉಳಿದವು, ಆದರೆ ಕಲಿಸುವವರೆಲ್ಲಿ? ಬೇಸಾಯದ ಬಿಡುವಿನಲ್ಲಿ ಪಾಠ ಹೇಳುವವರು, ಬೇರೆ ಉದ್ಯೋಗ ಸಿಗುವ ತನಕ ಮೇಷ್ಟರಾದವರು, ಇಂಥವರೇ ಬಹುಮಂದಿ. ಈ ಕೊರತೆಯನ್ನು ತುಂಬಲು 1857ರಲ್ಲಿ ನಾರ್ಮಲ್ ಶಾಲೆಗಳ ಶಾಸನ ಬಂದಿತು. ರಾಜ್ಯವನ್ನು ಹನ್ನೆರಡು ವಿಭಾಗಗಳಾಗಿ ಹಂಚಿ ವಿಭಾಗಕ್ಕೊಂದರಂತೆ ಗುರುಶಾಲೆ ಇರಬೇಕೆಂದು ಅದು ಗೊತ್ತುಮಾಡಿತು.

ಈ ಹಂಚಿಕೆಯಲ್ಲಿ ಅಡಗಿರುವ ವಿವೇಕವನ್ನು ಗಮನಿಸಬೇಕು. ರಾಜಧಾನಿಯಲ್ಲೊಂದು ಭವ್ಯವಾದ ವಿದ್ಯಾಲಯವನ್ನು ಕಟ್ಟಿ ಎಲ್ಲರೂ ಅಲ್ಲಿಗೆ ಬನ್ನಿರೆಂದು ಶಾಸನಕಾರರು ಕರೆಯಲಿಲ್ಲ. ಹಳ್ಳಿಯ ಹುಡುಗನೋ ಹುಡುಗಿಯೋ ಮನೆಯಿಂದ ಎಷ್ಟು ದೂರ ಹೋದರೆ ಒಬ್ಬ ಒಳ್ಳೆಯ ಗುರು ಸಿಕ್ಕಾನು ಎಂದು ಲೆಕ್ಕ ಹಾಕಿದರು. ದೂರವೇ ಅವರ ಅಳತೆಗೋಲು. ಕುದುರೆ ಗಾಡಿಯ ಕಾಲದಲ್ಲಿ ಅದು ಸಹಜವೂ ಹೌದು, ನ್ಯಾಯವೂ ಹೌದು.

ಶಾಸನ ಸರ್ಕಾರದ್ದಾದರೂ ಶಾಲೆಗಳನ್ನು ಕಟ್ಟಿದವರು ಊರಿನವರೇ. ಷೇರು ಹಣ ಕೂಡಿಸಿ, ಜಮೀನು ಕೊಟ್ಟು ಕಟ್ಟಿದರು. ರಾಜ್ಯದ ಉತ್ತರ ಅಂಚಿನ ಗುಡ್ಡಗಾಡಿನಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಪುಟ್ಟ ಊರಿದೆ. ಅಲ್ಲಿಯ ಜನ 1857ರಲ್ಲಿ ಒಂದು ವಿದ್ಯಾಶಾಲೆಯನ್ನು ತೆರೆದರು. ತೆರೆದ ಕೆಲವೇ ತಿಂಗಳಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಅವರು ಎದೆಗುಂದದೆ ಮತ್ತೆ ಕಟ್ಟಿದರು. 1862ರಲ್ಲಿ ಅದು ನಾರ್ಮಲ್ ಶಾಲೆಯೆಂಬ ಮನ್ನಣೆ ಪಡೆಯಿತು. ಈರಿ ಸರೋವರದ ಕಡೆಯ ಎಡಿನ್‌ಬರೊ ಅದಕ್ಕಿಂತ ಒಂದು ವರ್ಷ ಮೊದಲೇ, 1861ರಲ್ಲಿ, ಆ ಮನ್ನಣೆ ಗಳಿಸಿತ್ತು. ಬ್ಲೂಮ್ಸ್‌ಬರ್ಗ್ 1869ರಲ್ಲಿ, ಕ್ಯಾಲಿಫೋರ್ನಿಯ 1874ರಲ್ಲಿ, ಕ್ಲಾರಿಯನ್ 1887ರಲ್ಲಿ ಈ ಸಾಲಿಗೆ ಸೇರಿದವು. 1870ರಲ್ಲಿ ಸ್ಥಾಪನೆಗೊಂಡ ಲಾಕ್ ಹೇವನ್ 1877ರಲ್ಲಿ ಪಾಠ ಆರಂಭಿಸಿತು. ಕ್ಯಾಲಿಫೋರ್ನಿಯ ಎಂದೊಡನೆ ಶಾಂತಸಾಗರದ ದಡವನ್ನು ನೆನೆಯಬೇಕಾಗಿಲ್ಲ. ಪಶ್ಚಿಮದಲ್ಲಿ ಚಿನ್ನ ಸಿಕ್ಕಿದ 1849ರ ಹುರುಪಿನಲ್ಲಿ ಪೆನ್ಸಿಲ್ವೇನಿಯದ ಮೊನಾಂಗಹೇಲ ನದಿಯ ದಂಡೆಯ ಊರೊಂದು ತನಗೂ ಆ ಹೆಸರನ್ನೇ ಇಟ್ಟುಕೊಂಡಿತು, ಅಷ್ಟೇ.

ಇವು ಕೇವಲ ಪಾಠದ ಮನೆಗಳಾಗಿರಲಿಲ್ಲ. ಹೊರಗಿನ ಲೋಕ ಆ ಊರುಗಳೊಳಗೆ ಕಾಲಿಡುತ್ತಿದ್ದ ಬಾಗಿಲು ಇವೇ. ಅಮೆರಿಕದಲ್ಲಿ ಮೊದಲ ಬಾರಿಗೆ ವಿದ್ಯುದ್ದೀಪದ ಬೆಳಕಿನಲ್ಲಿ ರಾತ್ರಿಯ ಫುಟ್ಬಾಲ್ ಪಂದ್ಯ ನಡೆದದ್ದು ಯಾವ ಮಹಾನಗರದಲ್ಲೂ ಅಲ್ಲ. 1892ರ ಸೆಪ್ಟೆಂಬರಿನಲ್ಲಿ, ಇದೇ ಮ್ಯಾನ್ಸ್‌ಫೀಲ್ಡ್‌ನಲ್ಲಿ, ನಾರ್ಮಲ್ ಶಾಲೆಯ ಹುಡುಗರು ಆಡಿದಾಗ. ಬೆಳಕು ಸಾಲದೆ ಪಂದ್ಯ ಅರ್ಧಕ್ಕೇ ನಿಂತಿತೆನ್ನಿ. ಆದರೂ ಸುತ್ತಲಿನ ಹಳ್ಳಿಗರು ಅಂದು ವಿದ್ಯುತ್ತಿನ ಚೆಲುವನ್ನು ಕಂಡರು. ಇನ್ನೂ ಮುಖ್ಯವಾದ ಮಾತೆಂದರೆ, ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಹಾದಿ ದುರ್ಗಮವಾಗಿದ್ದ ಆ ಶತಮಾನದಲ್ಲಿ ರೈತರ, ಗಣಿಗಾರರ ಹೆಣ್ಣುಮಕ್ಕಳು ಸ್ವತಂತ್ರವಾದ ವೃತ್ತಿಯೊಂದನ್ನು ಹಿಡಿಯಲು ಈ ಶಾಲೆಗಳೇ ಮೆಟ್ಟಿಲಾದವು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 1911ರ ಶಾಲಾ ಶಾಸನದ ಬಳಿಕ ಸರ್ಕಾರ ಈ ಶಾಲೆಗಳನ್ನು ಒಂದೊಂದಾಗಿ ತಾನೇ ಕೊಂಡುಕೊಂಡಿತು. 1920ರ ದಶಕದಲ್ಲಿ ಇವು ಪದವಿ ನೀಡುವ ಶಿಕ್ಷಕರ ಕಾಲೇಜುಗಳಾದವು; 1960ರ ಹೊತ್ತಿಗೆ ಎಲ್ಲ ವಿಷಯಗಳನ್ನೂ ಬೋಧಿಸುವ ರಾಜ್ಯ ಕಾಲೇಜುಗಳಾದವು. ಎರಡನೆಯ ಮಹಾಯುದ್ಧದ ಬಳಿಕ ಹುಟ್ಟಿದ ಅಸಂಖ್ಯ ಮಕ್ಕಳು ಪ್ರಾಯಕ್ಕೆ ಬಂದ ಕಾಲ ಅದು. ಕಟ್ಟಿದಷ್ಟೂ ಕೊಠಡಿಗಳು ತುಂಬುತ್ತಿದ್ದವು. 1982ರ ನವೆಂಬರಿನಲ್ಲಿ ಗವರ್ನರ್ ಡಿಕ್ ಥಾರ್ನ್‌ಬರ್ಗ್ ಸಹಿ ಮಾಡಿದ ಶಾಸನದಂತೆ, 1983ರ ಜುಲೈ 1ರಿಂದ, ಹದಿನಾಲ್ಕು ಸಂಸ್ಥೆಗಳು ಒಂದೇ ಮಂಡಲಿಯ ಆಡಳಿತಕ್ಕೆ ಒಳಪಟ್ಟು ವಿಶ್ವವಿದ್ಯಾಲಯಗಳೆನಿಸಿದವು. ವಿದ್ಯಾರ್ಥಿಗೆ ಸಾಧ್ಯವಾದಷ್ಟು ಕಡಿಮೆ ವೆಚ್ಚದಲ್ಲಿ ಉತ್ತಮ ಶಿಕ್ಷಣ ಕೊಡುವುದೇ ಇವುಗಳ ಉದ್ದೇಶವೆಂದು ಶಾಸನವೇ ಸಾರಿತು. ಆಗ ಈ ಸಂಸ್ಥೆಗಳ ವೆಚ್ಚದಲ್ಲಿ ನೂರಕ್ಕೆ 63ರಷ್ಟನ್ನು ರಾಜ್ಯದ ಬೊಕ್ಕಸ ಭರಿಸುತ್ತಿತ್ತು.

ಕೇಳುಗರು ಈ 63 ಎಂಬ ಅಂಕಿಯನ್ನು ನೆನಪಿನಲ್ಲಿಡಬೇಕು. ಮುಂದಿನ ಮೂರು ದಶಕಗಳಲ್ಲಿ ಅದು ಇಳಿದಿಳಿದು ಕಾಲುಭಾಗದ ಆಸುಪಾಸಿಗೆ ಬಂದು ನಿಂತಿತು. ಯಾರೂ ಒಂದು ದಿನ ಕುಳಿತು ಇದನ್ನು ನಿರ್ಧರಿಸಲಿಲ್ಲ. ಬೆಲೆಗಳು ಏರಿದಷ್ಟು ಅನುದಾನ ಏರಲಿಲ್ಲ. ಆರ್ಥಿಕ ಮುಗ್ಗಟ್ಟು ಬಂದಾಗಲೆಲ್ಲ ಮೊದಲ ಕತ್ತರಿ ಇಲ್ಲಿಗೇ ಬಿದ್ದಿತು. 2011ರಲ್ಲಿ ಗವರ್ನರ್ ಟಾಮ್ ಕಾರ್ಬೆಟ್ ಅನುದಾನವನ್ನು ಅರ್ಧಕ್ಕಿಂತ ಕಡಿಮೆ ಮಾಡುವ ಪ್ರಸ್ತಾಪವಿಟ್ಟರು. ಕೊನೆಗೆ ಆದ ಕಡಿತ ನೂರಕ್ಕೆ 18. ಸರ್ಕಾರ ಬಿಟ್ಟ ಭಾರವನ್ನು ವಿದ್ಯಾರ್ಥಿಯ ಶುಲ್ಕ ಹೊತ್ತಿತು.

ಇದರ ಪರಿಣಾಮವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ನೂರು ರೂಪಾಯಿ ವೆಚ್ಚದ ಕಾಲೇಜೊಂದರಲ್ಲಿ 63 ರೂಪಾಯಿ ಸರ್ಕಾರದ್ದು, 37 ವಿದ್ಯಾರ್ಥಿಗಳದ್ದು ಎಂದುಕೊಳ್ಳೋಣ. ವಿದ್ಯಾರ್ಥಿಗಳಲ್ಲಿ ಹತ್ತನೆಯ ಒಂದು ಭಾಗ ಬಾರದೆ ಹೋದರೆ ನಷ್ಟವಾಗುವುದು ನಾಲ್ಕು ರೂಪಾಯಿಗೂ ಕಡಿಮೆ, ಹೇಗೋ ಸರಿದೂಗಿಸಬಹುದು. ಸರ್ಕಾರದ ಪಾಲು ಕಾಲುಭಾಗಕ್ಕಿಳಿದು ವಿದ್ಯಾರ್ಥಿಗಳ ಪಾಲು 75 ಆದಾಗ, ಅದೇ ಹತ್ತನೆಯ ಒಂದು ಭಾಗ ಬಾರದಿದ್ದರೆ ನಷ್ಟ ಏಳೂವರೆ ರೂಪಾಯಿ. ಮಕ್ಕಳ ಸಂಖ್ಯೆ ಇಳಿಯುವುದು ಲೋಕದಲ್ಲಿ ಹಿಂದೆಯೂ ಉಂಟು, ಮುಂದೆಯೂ ಉಂಟು. ಅದು ವಿಪತ್ತಾಗಿ ಪರಿಣಮಿಸಲು ಕಾರಣವಾದದ್ದು ಈ ಪಾಲುಗಾರಿಕೆಯ ಬದಲಾವಣೆ. ವಿಲೀನದ ಮೂಲ 2021ರಲ್ಲಿಲ್ಲ, ಅದಕ್ಕೆ ಮೂವತ್ತು ವರ್ಷ ಹಿಂದಿನ ಆಯವ್ಯಯ ಪತ್ರಗಳಲ್ಲಿದೆ ಎಂದು ನಾನು ಹೇಳುವುದು ಇದಕ್ಕಾಗಿ.

ಸಂಖ್ಯೆ ಇಳಿದದ್ದಂತೂ ನಿಜ. 2010ರಲ್ಲಿ ಹದಿನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಒಟ್ಟು 1,19,500ರಷ್ಟು ವಿದ್ಯಾರ್ಥಿಗಳಿದ್ದರು. 2021ರಲ್ಲಿ ಉಳಿದವರು 88,600ರಷ್ಟು. ಇಳಿತ ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಫಿಲಡೆಲ್ಫಿಯ ನಗರದ ಮಗ್ಗುಲಿನ ವೆಸ್ಟ್ ಚೆಸ್ಟರ್ ತುಂಬಿ ತುಳುಕುತ್ತಲೇ ಇತ್ತು. ಗ್ರಾಮಾಂತರದ ಕ್ಲಾರಿಯನ್, ಎಡಿನ್‌ಬರೊ, ಮ್ಯಾನ್ಸ್‌ಫೀಲ್ಡ್‌ಗಳು ಬರಿದಾಗುತ್ತಿದ್ದವು. ಕಾರಣ ಹುಡುಕುತ್ತ ಹೋದರೆ ಕಾಲೇಜಿನ ಆವರಣದ ಆಚೆಗೆ ಹೋಗಬೇಕಾಗುತ್ತದೆ. ಮೊನಾಂಗಹೇಲ ಕಣಿವೆಯ ಉಕ್ಕಿನ ಕಾರ್ಖಾನೆಗಳು 1980ರ ದಶಕದಲ್ಲಿ ಒಂದರ ಹಿಂದೊಂದು ಮುಚ್ಚಿದವು; ಹೆಸರಾಂತ ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ಬಾಗಿಲು ಹಾಕಿತು. ಕೆಲಸವಿಲ್ಲದ ತರುಣರು ಊರು ಬಿಟ್ಟರು. ಅವರಿಗೆ ಹುಟ್ಟಬೇಕಾದ ಮಕ್ಕಳು ಬೇರೆ ರಾಜ್ಯಗಳಲ್ಲಿ ಹುಟ್ಟಿದರು. ಇದರ ಮೇಲೆ, 2008ರ ಆರ್ಥಿಕ ಕುಸಿತದ ಬಳಿಕ ಅಮೆರಿಕದಾದ್ಯಂತ ಜನನಗಳೇ ಕಡಿಮೆಯಾದವು. 2007ರಲ್ಲಿ 43 ಲಕ್ಷ ಶಿಶುಗಳು ಜನಿಸಿದ ಆ ದೇಶದಲ್ಲಿ 2020ರಲ್ಲಿ ಜನಿಸಿದವು 36 ಲಕ್ಷ. 2008ರಲ್ಲಿ ತೊಟ್ಟಿಲು ತೂಗದ ಮನೆಯಿಂದ 2026ರಲ್ಲಿ ಕಾಲೇಜಿಗೆ ಬರುವವರು ಯಾರು?

ಇಂಥ ಸ್ಥಿತಿಯಲ್ಲಿ 2018ರಲ್ಲಿ ಡೇನಿಯಲ್ ಗ್ರೀನ್‌ಸ್ಟೀನ್ ಎಂಬವರು ಇಡೀ ಮಂಡಲಿಯ ಛಾನ್ಸಲರರಾಗಿ ಬಂದರು. ಬಲಹೀನ ವಿಶ್ವವಿದ್ಯಾಲಯಗಳನ್ನು ಬಲವುಳ್ಳವುಗಳ ಹಣದಿಂದ ಎಷ್ಟು ದಿನ ನಡೆಸುವುದು, ಮುಚ್ಚುವುದಕ್ಕಿಂತ ಕೂಡಿಸುವುದು ಲೇಸಲ್ಲವೆ, ಎಂಬುದು ಅವರ ವಾದ. 2020ರ ಜುಲೈಯಲ್ಲಿ ಶಾಸನಸಭೆ ಇದಕ್ಕೆ ಬೇಕಾದ ಅಧಿಕಾರ ಕೊಟ್ಟಿತು. 2021ರ ಜುಲೈ 14ರಂದು ಆಡಳಿತ ಮಂಡಲಿ ಸರ್ವಾನುಮತದಿಂದ ನಿರ್ಣಯ ಕೈಗೊಂಡಿತು. 2022ರ ಜುಲೈ 1ರಿಂದ ಪಶ್ಚಿಮದ ಕ್ಯಾಲಿಫೋರ್ನಿಯ, ಕ್ಲಾರಿಯನ್, ಎಡಿನ್‌ಬರೊಗಳು ಸೇರಿ ಪೆನ್‌ವೆಸ್ಟ್ ಎಂಬ ಒಂದೇ ವಿಶ್ವವಿದ್ಯಾಲಯವಾದವು. ಉತ್ತರ ಭಾಗದ ಬ್ಲೂಮ್ಸ್‌ಬರ್ಗ್, ಲಾಕ್ ಹೇವನ್, ಮ್ಯಾನ್ಸ್‌ಫೀಲ್ಡ್‌ಗಳು ಸೇರಿ ಕಾಮನ್‌ವೆಲ್ತ್ ವಿಶ್ವವಿದ್ಯಾಲಯವಾದವು. ಹದಿನಾಲ್ಕು ಹತ್ತಾದವು.

ವಿಲೀನದ ಪರವಾಗಿ ಹೇಳಬೇಕಾದ್ದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಆರು ಊರುಗಳಲ್ಲಿ ಒಂದರ ಕಾಲೇಜೂ ಮುಚ್ಚಲಿಲ್ಲ. 2018ರಿಂದ ಏಳು ವರ್ಷ ಕಾಲ ಬೋಧನಾ ಶುಲ್ಕವನ್ನು ಏರಿಸದೆ ತಡೆಹಿಡಿದದ್ದು ಬಡ ವಿದ್ಯಾರ್ಥಿಗಳಿಗೆ ಸಣ್ಣ ಉಪಕಾರವಲ್ಲ. ಆವರೆಗೆ ಬಿಗಿಹಿಡಿದ ಸರ್ಕಾರವೂ 2022ರಲ್ಲಿ ಕೈಸಡಿಲಿಸಿ ಅನುದಾನವನ್ನು 47 ಕೋಟಿ 75 ಲಕ್ಷ ಡಾಲರುಗಳಿಂದ 55 ಕೋಟಿ 25 ಲಕ್ಷಕ್ಕೆ ಏರಿಸಿತು. 2024ರ ಹೊತ್ತಿಗೆ ಇಡೀ ಮಂಡಲಿಯ ವಿದ್ಯಾರ್ಥಿಸಂಖ್ಯೆಯ ಇಳಿತ ಬಹುಮಟ್ಟಿಗೆ ನಿಂತಿತು. ಆದರೆ ಆ ಹಣ ಹತ್ತು ವರ್ಷ ಮೊದಲೇ ಬಂದಿದ್ದರೆ ಈ ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಮೇಲಾಗಿ, ಕೂಡಿಸಿದ ಮಾತ್ರಕ್ಕೆ ವಿದ್ಯಾರ್ಥಿಗಳು ಮರಳಿ ಬರಲಿಲ್ಲ. 2010ರಲ್ಲಿ ಬೇರೆ ಬೇರೆಯಾಗಿದ್ದ ಪಶ್ಚಿಮದ ಮೂರು ವಿಶ್ವವಿದ್ಯಾಲಯಗಳಲ್ಲಿ ಒಟ್ಟು 25 ಸಾವಿರದಷ್ಟು ವಿದ್ಯಾರ್ಥಿಗಳಿದ್ದರು; 2023ರಲ್ಲಿ ಒಂದಾದ ಪೆನ್‌ವೆಸ್ಟ್‌ನಲ್ಲಿ ಇದ್ದವರು ಅದರ ಅರ್ಧಕ್ಕಿಂತ ಕಡಿಮೆ.

ಇನ್ನು ಅಧ್ಯಾಪಕರ ಮಾತು. ವಿಲೀನಕ್ಕೆ ಮುಂಚೆಯೇ ಅವರ ಪಾಲಿನ ಕಷ್ಟ ಆರಂಭವಾಗಿತ್ತು. 2010ರಲ್ಲಿ ಒಬ್ಬ ಅಧ್ಯಾಪಕನಿಗೆ ಎಷ್ಟು ವಿದ್ಯಾರ್ಥಿಗಳಿದ್ದರೋ ಅದೇ ಪ್ರಮಾಣಕ್ಕೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಹಿಂದಿರುಗಬೇಕೆಂದು ಮಂಡಲಿ ಸೂಚಿಸಿತು. ಕೇಳಲು ಇದು ನಿರ್ದೋಷವಾದ ಸೂತ್ರ. ಮಕ್ಕಳು ಕಾಲುಭಾಗ ಕಡಿಮೆಯಾದರೆ ಗುರುಗಳೂ ಕಾಲುಭಾಗ ಕಡಿಮೆಯಾಗಲಿ ಎಂದು ಅದರ ತಾತ್ಪರ್ಯ. 2020ರ ಶರತ್ಕಾಲದಲ್ಲಿ ಮಂಡಲಿಯಾದ್ಯಂತ ನೂರಕ್ಕೂ ಹೆಚ್ಚು ಮಂದಿ ಕಾಯಂ ಅಧ್ಯಾಪಕರ ಕೈಗೆ ಉದ್ಯೋಗ ಕಡಿತದ ಪತ್ರಗಳು ಬಂದವು. ವಿಲೀನಕ್ಕೆ ಸೇರದ, ಇಂಡಿಯಾನ ಎಂಬ ಊರಿನ ವಿಶ್ವವಿದ್ಯಾಲಯವೊಂದರಲ್ಲೇ ಪತ್ರ ಪಡೆದವರು ಎಂಬತ್ತರಷ್ಟು ಜನ. ಹಿರಿಯರು ಕೆಲವರು ಸ್ವಯಂ ನಿವೃತ್ತಿ ಪಡೆದು ಹೋದದ್ದರಿಂದ ಕೆಲವು ಪತ್ರಗಳು ಹಿಂದಕ್ಕೆ ಹೋದವು. ಅಲ್ಪಾವಧಿಯ ಕರಾರಿನ ಮೇಲೆ ಪಾಠ ಹೇಳುತ್ತಿದ್ದವರಿಗೆ ಪತ್ರದ ಅಗತ್ಯವೂ ಇರಲಿಲ್ಲ. ಕರಾರು ಮುಗಿದ ದಿನ ಅವರ ಹೆಸರು ವೇಳಾಪಟ್ಟಿಯಿಂದ ಮರೆಯಾಯಿತು.

ಅಧ್ಯಾಪಕರ ಸಂಘದ ಒಪ್ಪಂದದಂತೆ ಕಡಿತ ನಡೆಯುವುದು ಸೇವಾ ಹಿರಿತನದ ಪ್ರಕಾರ. ಕೊನೆಗೆ ಬಂದವರು ಮೊದಲು ಹೋಗಬೇಕು. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಬೇರೆ ಕ್ರಮವನ್ನು ಸೂಚಿಸುವುದು ಕಷ್ಟ. ಆದರೆ ಇದರ ಫಲವೇನೆಂದರೆ ವಿಭಾಗದ ಅತ್ಯಂತ ಕಿರಿಯರೇ ಹೊರನಡೆಯುತ್ತಾರೆ. ಹೊಸ ಓದು, ಹೊಸ ಉತ್ಸಾಹ ತಂದವರು, ಇನ್ನು ಮೂವತ್ತು ವರ್ಷ ಕಲಿಸಬೇಕಾಗಿದ್ದವರು, ಅವರೇ. ಮರದ ತುದಿಯ ಚಿಗುರನ್ನು ಪ್ರತಿ ವರ್ಷ ಚಿವುಟಿದಂತೆ ಇದು. ಕೆಲವು ಕಾಲ ಮರ ಹಸಿರಾಗಿಯೇ ಕಾಣುತ್ತದೆ.

ಪ್ರಮಾಣದ ಸೂತ್ರದ ಇನ್ನೊಂದು ದೋಷ ಪಾಠ ಹೇಳಿದವರಿಗೆ ಬೇಗ ಹೊಳೆಯುತ್ತದೆ. ಚರಿತ್ರೆಯ ವಿಭಾಗದಲ್ಲಿ ನಾಲ್ವರು ಅಧ್ಯಾಪಕರಿದ್ದಾರೆ ಎನ್ನಿ: ಒಬ್ಬರು ಪ್ರಾಚೀನ ಕಾಲಕ್ಕೆ, ಒಬ್ಬರು ಯೂರೋಪಿಗೆ, ಒಬ್ಬರು ಸ್ವದೇಶಕ್ಕೆ, ಒಬ್ಬರು ಏಷ್ಯಕ್ಕೆ. ವಿದ್ಯಾರ್ಥಿಗಳು ಅರ್ಧವಾದರೆಂದು ಇಬ್ಬರನ್ನು ಕಳುಹಿಸಿದರೆ ಅರ್ಧ ವಿಭಾಗ ಉಳಿಯುತ್ತದೆಂದು ಲೆಕ್ಕ ಹೇಳುತ್ತದೆ. ಆದರೆ ಉಳಿದ ಇಬ್ಬರು ತಾವು ಓದದ ಕಾಲದೇಶಗಳನ್ನು ಅರೆಮನಸ್ಸಿನಿಂದ ಕಲಿಸಬೇಕು, ಇಲ್ಲವೆ ಆ ಪಾಠಗಳನ್ನೇ ಕೈಬಿಡಬೇಕು. ಅದನ್ನು ಕಂಡ ಬುದ್ಧಿವಂತ ಹುಡುಗ ಬೇರೆ ಕಾಲೇಜಿಗೆ ಹೋಗುತ್ತಾನೆ. ಸಂಖ್ಯೆ ಮತ್ತೂ ಇಳಿಯುತ್ತದೆ. ಸೂತ್ರ ಮತ್ತೊಬ್ಬ ಅಧ್ಯಾಪಕನನ್ನು ಕೇಳುತ್ತದೆ. ಒಂದು ವಿಷಯಕ್ಕೆ ಅದರದೇ ಆದ ಕನಿಷ್ಠ ಗಾತ್ರವಿದೆ. ಅದಕ್ಕಿಂತ ಕೆಳಗೆ ಅದು ಚಿಕ್ಕದಾಗುವುದಿಲ್ಲ, ಇಲ್ಲವಾಗುತ್ತದೆ.

ಈ ತೊಡಕಿಗೆ ವಿಲೀನ ಕೊಟ್ಟ ಉತ್ತರ ಪರದೆ. ಒಂದು ಊರಿನ ಅಧ್ಯಾಪಕ ಮೂರು ಊರುಗಳ ವಿದ್ಯಾರ್ಥಿಗಳಿಗೆ ಏಕಕಾಲದಲ್ಲಿ ಪಾಠ ಹೇಳಬಹುದು. ಕ್ಯಾಲಿಫೋರ್ನಿಯಕ್ಕೂ ಎಡಿನ್‌ಬರೊಗೂ ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ಅಂತರ. ಎಲ್ಲಿಯೂ ದೊರೆಯದೆ ಹೋಗುತ್ತಿದ್ದ ಪಾಠ ಹೀಗಾದರೂ ದೊರೆಯಿತಲ್ಲ ಎನ್ನಬಹುದು. ಧ್ವನಿಯನ್ನು ಮಾತ್ರ ನಂಬಿ ಮಾತನಾಡುವ ಬಾನುಲಿಯ ಮುಂದೆ ಕುಳಿತಿರುವ ನಾನು ಯಂತ್ರದ ಮೂಲಕ ಬರುವ ಮಾತನ್ನು ಹಗುರಾಗಿ ಕಾಣಲಾರೆ. ಆದರೆ ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು ಸಂಕೋಚದಿಂದ ಒಂದು ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ಪರದೆಯಲ್ಲಿ ಬಾಗಿಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರ ಅನೇಕ ಪ್ರಶ್ನೆಗಳು ಹುಟ್ಟುವುದು ಆ ಬಾಗಿಲಲ್ಲೇ.

ವಿಲೀನದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ವಿಶ್ವವಿದ್ಯಾಲಯ ಒಂದಾದರೂ ಆಟದ ತಂಡಗಳು ಒಂದಾಗಲಿಲ್ಲ. ಮೂರೂ ಊರುಗಳ ತಂಡಗಳು ತಮ್ಮ ತಮ್ಮ ಹಳೆಯ ಹೆಸರು, ಹಳೆಯ ಲಾಂಛನಗಳನ್ನು ಉಳಿಸಿಕೊಂಡು ಇಂದಿಗೂ ಪರಸ್ಪರ ಎದುರಾಗಿ ಆಡಬಲ್ಲವು. ಊರ ಹೆಸರಿಗಾಗಿ ಜನ ಸಿಡಿದೇಳುತ್ತಾರೆಂಬುದು ಆಡಳಿತಗಾರರಿಗೆ ಗೊತ್ತಿತ್ತು. ತತ್ತ್ವಶಾಸ್ತ್ರಕ್ಕಾಗಿ, ಪರಭಾಷೆಗಾಗಿ ಹಾಗೆ ಏಳುವವರು ಕಡಿಮೆ ಎಂಬುದೂ ಗೊತ್ತಿತ್ತು.

ಪುಸ್ತಕಕ್ಕಾಗಿ ಎದ್ದವರ ಉದಾಹರಣೆಯೂ ಇಲ್ಲದಿಲ್ಲ. ವಿಲೀನದ ಹಾದಿ ಹಿಡಿದದ್ದು ಪೆನ್ಸಿಲ್ವೇನಿಯ ಒಂದೇ ಅಲ್ಲ. ದಕ್ಷಿಣದ ಜಾರ್ಜಿಯ ರಾಜ್ಯ 2018ರ ಹೊತ್ತಿಗೆ ತನ್ನ 35 ಸಂಸ್ಥೆಗಳನ್ನು 26ಕ್ಕೆ ಇಳಿಸಿತ್ತು. ಈಶಾನ್ಯದ ಪುಟ್ಟ ರಾಜ್ಯ ವರ್ಮಾಂಟಿನಲ್ಲಿ ಕ್ಯಾಸಲ್ಟನ್, ಜಾನ್ಸನ್, ಲಿಂಡನ್ ಊರುಗಳ ಕಾಲೇಜುಗಳೂ ರ‍್ಯಾಂಡಾಲ್ಫಿನ ತಾಂತ್ರಿಕ ಕಾಲೇಜೂ ಕೂಡಿ 2023ರ ಜುಲೈಯಲ್ಲಿ ಒಂದೇ ವಿಶ್ವವಿದ್ಯಾಲಯವಾದವು. ಅದಕ್ಕೆ ಕೆಲವು ತಿಂಗಳ ಮುಂಚೆ, ಗ್ರಂಥಾಲಯಗಳ ಮುದ್ರಿತ ಪುಸ್ತಕಗಳನ್ನು ತೆಗೆದು ಎಲ್ಲವನ್ನೂ ಗಣಕಯಂತ್ರದ ಮೇಲೆಯೇ ಒದಗಿಸುವುದಾಗಿ ಆಡಳಿತ ಸಾರಿತು. ವಿದ್ಯಾರ್ಥಿಗಳು, ಅಧ್ಯಾಪಕರು, ಊರವರು ಒಟ್ಟಾಗಿ ಪ್ರತಿಭಟಿಸಿದರು. ಏಪ್ರಿಲಿನಲ್ಲಿ ಅಧ್ಯಕ್ಷರು ರಾಜೀನಾಮೆಯಿತ್ತರು; ಪುಸ್ತಕಗಳು ಉಳಿದವು. ಜನ ಎಚ್ಚೆತ್ತರೆ ಲೆಕ್ಕಪತ್ರವೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಕರ್ನಾಟಕದ ಚರಿತ್ರೆ ಇದಕ್ಕೆ ವಿರುದ್ಧ ದಿಕ್ಕಿನದು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಕವಲೊಡೆದವು. ಧಾರವಾಡದಿಂದ ಗುಲ್ಬರ್ಗ ಕವಲೊಡೆಯಿತು. ಈಚೆಗೆ ಜಿಲ್ಲೆಗೊಂದರಂತೆ ಹೊಸವು ಹುಟ್ಟಿದವು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ ಮುಂದಿಟ್ಟಾಗ ನಾವೂ ಅದೇ ಚರ್ಚೆಯ ಹೊಸ್ತಿಲಿಗೆ ಬಂದೆವು. ನಮ್ಮ ಕಷ್ಟ ಬೇರೆ. ಅಲ್ಲಿ ವಿದ್ಯಾರ್ಥಿಗಳಿಲ್ಲದೆ ಅಧ್ಯಾಪಕರು ಹೋದರು. ಇಲ್ಲಿ ವಿದ್ಯಾರ್ಥಿಗಳಿದ್ದೂ ಕಾಯಂ ಅಧ್ಯಾಪಕರನ್ನು, ಹಣವನ್ನು ಕೊಡದೆ ಬರಿಯ ನಾಮಫಲಕ ನೆಟ್ಟದ್ದುಂಟು. ಹೆಸರು ಹೆಚ್ಚಿಸುವುದಾಗಲಿ ಹೆಸರು ಅಳಿಸುವುದಾಗಲಿ ಸುಲಭದ ಕೆಲಸ. ಅದರ ಹಿಂದೆ ಅಧ್ಯಾಪಕನೊಬ್ಬ ಇದ್ದಾನೆಯೆ ಎಂದು ನೋಡುವುದು ಎರಡೂ ಕಡೆ ಮರೆತುಹೋಗಿದೆ.

1857ರ ಪೆನ್ಸಿಲ್ವೇನಿಯದ ಶಾಸನಕಾರರು ದೊಡ್ಡ ವಿದ್ವಾಂಸರೇನಲ್ಲ. ವಕೀಲರು, ರೈತರು, ವ್ಯಾಪಾರಿಗಳು. ಆದರೂ ಅವರು ಸರಿಯಾದ ಪ್ರಶ್ನೆಯಿಂದ ಆರಂಭಿಸಿದರು: ಹಳ್ಳಿಯ ಮಗುವಿಗೂ ಒಳ್ಳೆಯ ಗುರುವಿಗೂ ನಡುವೆ ಎಷ್ಟು ದೂರವಿದೆ? ವಿಶ್ವವಿದ್ಯಾಲಯಗಳನ್ನು ಕೂಡಿಸುವವರೂ ಒಡೆಯುವವರೂ ಮೊದಲು ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ. ಹತ್ತು ಸಂಸ್ಥೆ ಒಂದಾದರೂ ಆ ದೂರ ಕಡಿಮೆಯಾಗುವುದಾದರೆ ಸ್ವಾಗತಿಸೋಣ. ಒಂದು ಹತ್ತಾದರೂ ಅದು ಹೆಚ್ಚುವುದಾದರೆ ಸಂಭ್ರಮಿಸಲು ಏನೂ ಇಲ್ಲ.